ಗೆದ್ದಲು ತಿಂದ ಪುಸ್ತಕಗಳು

ಹೋದ ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ಕಡೂರಿಗೆ ಬಂದವನು ಬ್ಯಾಗಿನಿಂದ ಬಟ್ಟೆಗಿಂತ ಮೊದಲು ಒಂದು ಪಾರ್ಸೆಲ್ ತೆಗೆದ. ಮೇಲೆ ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕು, ಅದರೊಳಗೆ ಎರಡು ರಟ್ಟು, ರಟ್ಟುಗಳ ನಡುವೆ ಪಾರದರ್ಶಕ ಕವರು, ಕವರಿನೊಳಗೆ ಅಂಗೈಗಿಂತ ತುಸು ದೊಡ್ಡದಾದ ಒಂದು ಪುಸ್ತಕ. ಜಪಾನಿನ ಕಾಮಿಕ್ಸು. ಅವರು ಅದಕ್ಕೆ ಮಾಂಗಾ ಅಂತಾರೆ. ಎದುರಿಗೆ ಕೆಂಪು ಕೂದಲಿನ ಒಬ್ಬ ಹುಡುಗ, ಬ್ಯಾಸ್ಕೆಟ್‌ಬಾಲು. ಹೆಸರು 'ಸ್ಲ್ಯಾಮ್ ಡಂಕ್', ಸಂಪುಟ ಒಂದು.

ನನ್ನ ಅಮ್ಮ, ಅಂದರೆ ಅವನ ಅಜ್ಜಿ, ಪಕ್ಕದಲ್ಲೇ ಕೂತು ಹೂಬತ್ತಿ ಹೊಸೀತಾ ಇದ್ದರು. "ಎಲ್ಲಿ, ತೋರ್ಸೋ" ಅಂತ ಕೈಚಾಚಿದರು. ಅವನು ಪುಸ್ತಕವನ್ನ ಹಿಂದಕ್ಕೆ ಎಳಕೊಂಡ. "ಅಜ್ಜೀ, ಕೈಯಲ್ಲಿ ಎಣ್ಣೆ ಇದೆ!"

"ಆಯ್ತಪ್ಪ, ನೀನೇ ಓದು. ಏನ್ ಕತೆ ಅದು?"

"ಇದು ಜಪಾನೀಸ್ ಅಜ್ಜಿ. ನಂಗೆ ಓದಕ್ಕೆ ಬರಲ್ಲ."

ಅಮ್ಮ ಹೂಬತ್ತಿ ಹೊಸೆಯೋದು ನಿಲ್ಲಿಸಿದರು. "ನನ್ನ ಕೈಯಲ್ಲಿ ಎಣ್ಣೆ ಇದೆ, ನಿಂಗೆ ಓದಕ್ಕೆ ಬರಲ್ಲ. ಮತ್ತೆ ಯಾರಿಗೋ ಇದು?"

ನಾನು ನಕ್ಕೆ. ಅವನು ನನ್ನ ಕಡೆ ನೋಡಿದ. ಸಹಾಯಕ್ಕೆ ಬರ್ತೀನಿ ಅನ್ನೋ ನಂಬಿಕೆಯ ನೋಟ ಅದು. ಯಾಕೆಂದರೆ ನಡುಮನೆಯಲ್ಲಿ ಬೀಗ ಹಾಕಿರೋ ಒಂದು ಗಾಡ್ರೆಜ್ ಬೀರು ಇದೆ, ಅದರಲ್ಲಿ ಏನಿದೆ ಅಂತ ಅವನಿಗೆ ಚಿಕ್ಕಂದಿನಿಂದ ಗೊತ್ತು. ಈ ಹುಚ್ಚು ಅವನಿಗೆ ಅಂಟಿದ್ದು ನನ್ನಿಂದಲೇ.

ರಾತ್ರಿ ಊಟ ಆದ ಮೇಲೆ ಅವನೇ ಕೂತು ವಿವರಿಸಿದ. ಆ ಪುಸ್ತಕದ ಕತೆ ಅವನಿಗೆ ಬಾಯಿಪಾಠ. ಇಂಗ್ಲಿಷಿನಲ್ಲಿ ಎರಡು ಸಲ ಓದಿದ್ದಾನೆ. ತಕೆಹಿಕೊ ಇನೊಯುಎ ಅನ್ನುವವರು 1990ರಿಂದ 1996ರವರೆಗೆ 'ಶೋನೆನ್ ಜಂಪ್' ಅನ್ನೋ ವಾರಪತ್ರಿಕೆಗೆ ಬರೆದದ್ದು. ಮೊದಲ ಸಂಪುಟ ಪುಸ್ತಕವಾಗಿ ಬಂದದ್ದು 1991ರಲ್ಲಿ. ಜಪಾನಿನ ಪುಸ್ತಕಗಳ ಕೊನೆಯಲ್ಲಿ ಒಂದು ಪುಟ ಇರುತ್ತಂತೆ, ಅದರಲ್ಲಿ ಇದು ಎಷ್ಟನೇ ಮುದ್ರಣ, ಯಾವ ದಿನದ್ದು ಅಂತ ಅಚ್ಚು ಮಾಡಿರುತ್ತಾರೆ. ಇವನಿಗೆ ಆ ಭಾಷೆಯಲ್ಲಿ ಓದಲು ಬರೋದು ಆ ಒಂದು ಸಾಲು ಮಾತ್ರ. 'ಮೊದಲನೇ ಮುದ್ರಣ' ಅನ್ನೋದಕ್ಕೆ ಯಾವ ಅಕ್ಷರ, ಅಷ್ಟು ಕಲಿತಿದ್ದಾನೆ. ಪುಸ್ತಕದ ಸೊಂಟಕ್ಕೆ ಸುತ್ತಿದ್ದ ಕಾಗದದ ಪಟ್ಟಿಯನ್ನೂ ತೋರಿಸಿದ. ಅದಕ್ಕೆ 'ಓಬಿ' ಅಂತಾರೆ, ಕಿಮೋನೋ ಮೇಲೆ ಕಟ್ಟೋ ನಡುಪಟ್ಟಿಯ ಹೆಸರೇ. ಅಂಗಡಿಯಲ್ಲಿ ಗಿರಾಕಿಯನ್ನ ಕರೆಯೋದಕ್ಕೆ ಹಾಕೋ ಜಾಹೀರಾತಿನ ಚೀಟಿ ಅದು. ಓದೋರು ಮೊದಲು ಕಿತ್ತೆಸೆಯೋದು ಅದನ್ನೇ. ಆದ್ದರಿಂದ ಅದು ಉಳಿದಿದ್ದರೆ ಬೆಲೆ ಜಾಸ್ತಿ.

"ಎಷ್ಟು ಕೊಟ್ಟೆ?" ಅಂತ ಮೆಲ್ಲಗೆ ಕೇಳಿದೆ. ಅವನೂ ಮೆಲ್ಲಗೇ ಹೇಳಿದ. ಅವನ ಒಂದು ತಿಂಗಳ ರೂಮ್ ಬಾಡಿಗೆಗಿಂತ ಜಾಸ್ತಿ. ಆ ಲೆಕ್ಕ ಅವನ ಅಮ್ಮನಿಗೆ ಗೊತ್ತಾಗಬಾರದು ಅಂತ ಮಾತಾಯಿತು.

"ನೋಡಿ ಮಾಮ, ಈ ಕತೆ ಆಮೇಲೆ ಹತ್ತು ಕೋಟಿಗೂ ಹೆಚ್ಚು ಪ್ರತಿ ಹೋಯ್ತು. ಆದರೆ ಇದು ಅಚ್ಚಾದ ದಿನ ಅದು ಯಾರಿಗೂ ಗೊತ್ತಿರಲಿಲ್ಲ. ಬರೆದೋರಿಗೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದ ದಿನ ಇದೆಯಲ್ಲ, ಅದು ನಂಗೆ ಬೇಕು."

ಇದು ಬರೀ ಹುಡುಗಾಟದ ಮಾತಲ್ಲ. ಯೋಚನೆ ಮಾಡಿ. ಮೊದಲ ಮುದ್ರಣ ಎಲ್ಲಾ ಪುಸ್ತಕಕ್ಕೂ ಇರುತ್ತೆ, ಅದೇ ಏನೂ ಅಪರೂಪ ಅಲ್ಲ. 'ಒನ್ ಪೀಸ್' ಅನ್ನೋ ಇನ್ನೊಂದು ಮಾಂಗಾದ 67ನೇ ಸಂಪುಟ 2012ರಲ್ಲಿ ಬಂದಾಗ ಮೊದಲ ಮುದ್ರಣದಲ್ಲೇ 40.5 ಲಕ್ಷ ಪ್ರತಿ ಹಾಕಿದರು. ಅದರ ಮೊದಲ ಮುದ್ರಣ ಇಟ್ಟುಕೊಂಡು ಯಾರೂ ಮೀಸೆ ತಿರುವೋದಿಲ್ಲ. ಬೆಲೆ ಇರೋದು ಮೊದಲ ಸಂಪುಟದ ಮೊದಲ ಮುದ್ರಣಕ್ಕೆ. ಯಾಕೆಂದರೆ ಅದು ಗೆಲ್ಲುತ್ತೆ ಅಂತ ಪ್ರಕಾಶಕನಿಗೆ ಧೈರ್ಯ ಇರಲಿಲ್ಲ, ಕಮ್ಮಿ ಹಾಕಿದ. ಆ ಕಮ್ಮಿಯಲ್ಲೂ ಮಕ್ಕಳು ಕೊಂಡು ಓದಿ, ಮಡಿಸಿ, ಗೆಳೆಯರಿಗೆ ಕೊಟ್ಟು ಕಳೆದರು. ಅಂದರೆ ನಾವು ಸಂಗ್ರಹಕಾರರು ದುಡ್ಡು ಕೊಡೋದು ಎರಡು ವಿಷಯಕ್ಕೆ: ಒಂದು, ಆವತ್ತಿನ ಅಪನಂಬಿಕೆಗೆ. ಇನ್ನೊಂದು, ಆ ಒಂದು ಪ್ರತಿಯನ್ನ ಯಾರೂ ಸರಿಯಾಗಿ ಓದಲಿಲ್ಲ ಅನ್ನೋದಕ್ಕೆ. ಕೈ ಮುಟ್ಟದ ಪ್ರತಿಗೆ ಹೆಚ್ಚು ಬೆಲೆ. ಪುಸ್ತಕ ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸವನ್ನ ಎಷ್ಟು ಕಮ್ಮಿ ಮಾಡಿದೆಯೋ ಅಷ್ಟು ಕಿಮ್ಮತ್ತು.

ಅಮ್ಮನ ಪ್ರಶ್ನೆ ಆ ರಾತ್ರಿ ನಿದ್ದೆ ಕೆಡಿಸಿತು. ಯಾರಿಗೋ ಇದು? ಅದು ಅವನಿಗೆ ಕೇಳಿದ್ದು. ಆದರೆ ಉತ್ತರ ಬಾಕಿ ಇದ್ದದ್ದು ನನ್ನದು.

*

ನನ್ನ ಬೀರುವಿನಲ್ಲಿ ಇರೋದು ಕನ್ನಡದ ಚಿತ್ರಕತೆಗಳು. ಇಂದ್ರಜಾಲ ಕಾಮಿಕ್ಸು, ಅಮರ ಚಿತ್ರಕಥೆ, ಬೈಂಡ್ ಮಾಡಿಸಿದ ಚಂದಮಾಮ.

ಅಮರ ಚಿತ್ರಕಥೆ ಅಂದರೆ ಎಲ್ಲರೂ ಅನಂತ ಪೈ ಅವರನ್ನ ನೆನೆಯುತ್ತಾರೆ, ಸರಿಯೇ. ಅದರ ಮೊದಲ ಪುಸ್ತಕ ಯಾವುದು ಅಂದರೆ ಇಂಗ್ಲಿಷಿನ 'ಕೃಷ್ಣ' ಅಂತಾರೆ. ಆದರೆ ಆ 'ಕೃಷ್ಣ'ನ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು? ಅವು ದೇವರ ಕತೆಗಳಲ್ಲ, ಪರದೇಶದ ಮಕ್ಕಳ ಕತೆಗಳು. ಮತ್ತು ಈ ಸಾಹಸ ಶುರುವಾದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಕಾಮಧೇನು ಹೋಟೆಲಿನಲ್ಲಿ ಪುಸ್ತಕ ಮಾರೋರು, ಗ್ರಂಥಪಾಲಕರು ಸೇರಿದ್ದ ಸಭೆಯಲ್ಲಿ ಐಬಿಎಚ್‌ನ ಜಿ. ಕೆ. ಅನಂತರಾಮ್ ಅವರು ಇಟ್ಟ ಸಲಹೆ ಅದು. ಕನ್ನಡದಲ್ಲಿ ಅದು ಚೆನ್ನಾಗಿ ಓಡಿದ ಮೇಲೆ ಮುಂಬಯಿಯವರು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಇಡೀ ದೇಶದ ಮಕ್ಕಳು ಓದಿದ ಮಾಲೆಯ ಮೊದಲ ಮೆಟ್ಟಿಲು ನಮ್ಮ ಭಾಷೆಯಲ್ಲಿತ್ತು ಅನ್ನೋದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆ ಮೊದಲ ಹತ್ತರಲ್ಲಿ ಒಂದನ್ನೂ ನಾನು ಕಣ್ಣಲ್ಲಿ ಕಂಡಿಲ್ಲ. ಮಕ್ಕಳು ಓದಿದರು, ಮುಗೀತು. ಮಕ್ಕಳ ಪುಸ್ತಕ ಗೆಲ್ಲೋದು ಅಂದರೆ ಹಾಳಾಗೋದು.

ಇನ್ನು ಇಂದ್ರಜಾಲ ಕಾಮಿಕ್ಸು, ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಶುರು ಮಾಡಿದ್ದು. ಡೆಂಕಾಲಿ ಕಾಡು, ತಲೆಬುರುಡೆ ಗವಿ, ವೇತಾಳ. ನನ್ನ ವಾರಿಗೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ. 1990ಕ್ಕೆ ಅದು ನಿಂತಿತು.

ನಾನು ಬ್ಯಾಂಕಿನ ನೌಕರ. 1994ರಲ್ಲಿ ಅಜ್ಜಂಪುರಕ್ಕೆ ವರ್ಗ ಆಯಿತು. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ, ಈಗ ತಾನೇ ಒಂದು ತಾಲ್ಲೂಕು. ಮನೆ ಕಡೂರಿನಲ್ಲೇ. ಬೆಳಗ್ಗೆ ಪ್ಯಾಸೆಂಜರ್ ಹತ್ತಿದರೆ ಬೀರೂರು ದಾಟಿ ಅಜ್ಜಂಪುರ. ಬೀರೂರಿನಲ್ಲಿ ದಾರಿ ಒಡೆಯುತ್ತೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಅಷ್ಟು ಹೊತ್ತಿಗೆ ನನಗೆ ಈ ಹುಚ್ಚು ಹತ್ತಿ ಹಲವು ವರ್ಷ ಆಗಿತ್ತು. ಬೆಂಗಳೂರಿಗೆ ಹೋದಾಗೆಲ್ಲ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಗುಡ್ಡೆಗಳಲ್ಲಿ ಮಧ್ಯಾಹ್ನ ಕಳೀತಿದ್ದೆ. ಯಾವುದು ಮೊದಲಿನದು, ಯಾವುದು ಮರುಮುದ್ರಣ, ಹೇಗೆ ಗುರುತು ಹಿಡಿಯೋದು ಅಂತ ಕಣ್ಣು ಪಳಗಿತ್ತು.

ಅಜ್ಜಂಪುರದ ಪೇಟೆಯಲ್ಲಿ ಒಂದು ಸೈಕಲ್ ಶಾಪು. ಯಜಮಾನರ ಹೆಸರು ಬೇಡ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದರು. ಒಂದಿನ ನನ್ನ ಸೈಕಲ್ ಪಂಕ್ಚರ್ ಹಾಕಿಸ್ತಾ ಕೂತಾಗ ಮೂಲೆಯ ತಗಡಿನ ಟ್ರಂಕಿನ ಮೇಲೆ ಕಣ್ಣು ಬಿತ್ತು. "ಅದರಲ್ಲಿ ಏನಿದೆ ಯಜಮಾನರೇ?" ಅಂದೆ. "ಅಯ್ಯೋ ಅದಾ, ಲೈಬ್ರರಿ ಸಾರ್" ಅಂತ ನಕ್ಕರು.

ಎಪ್ಪತ್ತು–ಎಂಬತ್ತರ ದಶಕದಲ್ಲಿ ಅವರು ಸೈಕಲ್ಲಿನ ಜೊತೆ ಕಾಮಿಕ್ಸೂ ಬಾಡಿಗೆಗೆ ಕೊಡ್ತಿದ್ದರಂತೆ. ಅಲ್ಲೇ ಬೆಂಚಿನ ಮೇಲೆ ಕೂತು ಓದಿದರೆ ಐದು ಪೈಸೆ, ಮನೆಗೆ ಒಯ್ದರೆ ಹತ್ತು. ಪ್ರತಿ ಪುಸ್ತಕದ ಒಳರಕ್ಷೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ನಂಬರು, ಅದರ ಕೆಳಗೆ ಒಯ್ದ ಹುಡುಗರ ಹೆಸರು, ಪಕ್ಕದಲ್ಲಿ ವಾಪಸ್ ಬಂದದ್ದಕ್ಕೆ ಒಂದು ಗೀಟು. ದುಡ್ಡಿಲ್ಲದೆ ಬಾಗಿಲಲ್ಲಿ ನಿಲ್ಲೋ ಹುಡುಗರಿಗೆ ಸೈಕಲ್ ಒರೆಸೋ ಕೆಲಸ ಹೇಳಿ ಒಂದು ಪುಸ್ತಕ ಕೊಡೋದು. "1987ರಲ್ಲಿ ಟೀವೀಲಿ ರಾಮಾಯಣ ಬಂತು ನೋಡಿ ಸಾರ್, ಭಾನುವಾರ ಅಂಗಡಿ ಮುಂದೆ ಒಂದು ನರಪಿಳ್ಳೆ ಇಲ್ಲ" ಅಂದರು. ಅಲ್ಲಿಗೆ ಟ್ರಂಕು ಮುಚ್ಚಿದರು.

ಜಪಾನಿನಲ್ಲೂ ಹೀಗೇ ಒಂದು ಕಾಲ ಇತ್ತು ಅಂತ ಆಮೇಲೆ ಓದಿದೆ. ಯುದ್ಧ ಮುಗಿದ ಮೇಲೆ, ಐವತ್ತರ ದಶಕದಲ್ಲಿ, ಕೊಂಡು ಓದೋ ಶಕ್ತಿ ಇಲ್ಲದ ಮಕ್ಕಳಿಗಾಗಿ ಬೀದಿಬೀದಿಯಲ್ಲಿ ಬಾಡಿಗೆ ಪುಸ್ತಕದ ಅಂಗಡಿಗಳಿದ್ದವು. 'ಕಾಶಿಹೊನ್' ಅಂದರೆ ಬಾಡಿಗೆ ಪುಸ್ತಕ. ಆ ಅಂಗಡಿಗಳಿಗಾಗಿಯೇ ಮಾಂಗಾ ಬರೆಯೋರು, ಅಚ್ಚು ಹಾಕೋರು ಇದ್ದರು. ಯುದ್ಧದಲ್ಲಿ ಎಡಗೈ ಕಳಕೊಂಡು ಬಂದ ಶಿಗೆರು ಮಿಜುಕಿ, ಆಮೇಲೆ ಬಹಳ ದೊಡ್ಡ ಹೆಸರಾದವರು, ಒಂದೇ ಕೈಯಲ್ಲಿ ಚಿತ್ರ ಬರೆದು ಹೊಟ್ಟೆ ಹೊರೆದದ್ದು ಈ ಬಾಡಿಗೆ ಪುಸ್ತಕಗಳಿಂದ. ಅರವತ್ತರ ದಶಕದಲ್ಲಿ ಟೀವಿ ಮತ್ತು ವಾರಪತ್ರಿಕೆಗಳು ಬಂದು ಆ ಅಂಗಡಿಗಳು ಮುಚ್ಚಿದವು. ನೂರು ಕೈ ದಾಟಲಿ ಅಂತಲೇ ಮಾಡಿದ ಪುಸ್ತಕ ಅವು, ಆದ್ದರಿಂದಲೇ ಇವತ್ತು ಕೊಳೆಯಾಗದ ಕಾಶಿಹೊನ್ ಸಿಗೋದು ಕಷ್ಟ. ಸಿಕ್ಕರೆ ಸಂಗ್ರಹಕಾರರು ಮುಗಿಬೀಳುತ್ತಾರೆ. ತೋಕಿಯೋದ ಅಂಗಡಿಯವನೂ ಅಜ್ಜಂಪುರದ ಸೈಕಲ್ ಶಾಪಿನವರೂ ಒಬ್ಬರನ್ನೊಬ್ಬರು ಕಂಡಿದ್ದರೆ ಮಾತು ಬಾರದಿದ್ದರೂ ಲೆಕ್ಕದ ಪುಸ್ತಕ ಅರ್ಥವಾಗ್ತಿತ್ತು.

ಟ್ರಂಕಿನಲ್ಲಿ ಅರವತ್ತೋ ಎಪ್ಪತ್ತೋ ಪುಸ್ತಕ. ಹೆಚ್ಚಿನವು ಹರಿದವು. ನಾನು ಒಂದೊಂದೇ ತೆಗೀತಾ ಹೋದೆ. ಅಡಿಯಲ್ಲಿ ಹಳೇ ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿದ ಒಂದು ಅಮರ ಚಿತ್ರಕಥೆ. ಹಿಂದಿನ ರಕ್ಷಾಪುಟದ ಪಟ್ಟಿ ಆ ಪುಸ್ತಕದ ಸಂಖ್ಯೆಗೇ ನಿಂತಿತ್ತು. ಅಂದರೆ ಆಮೇಲಿನವು ಬರೋದಕ್ಕೆ ಮುಂಚೆ ಅಚ್ಚಾದದ್ದು. ನನ್ನ ಎದೆ ಹೊಡಕೊಂಡಿತು. ಮುಖ ಮಾತ್ರ ಸುಮ್ಮನೆ ಇಟ್ಟುಕೊಂಡೆ. ಹಳೇ ಪುಸ್ತಕದ ವ್ಯಾಪಾರದಲ್ಲಿ ಮೊದಲು ಕಲಿಯೋ ವಿದ್ಯೆ ಅದೇ.

"ಇವನ್ನ ಕೊಡ್ತೀರಾ?" ಅಂದೆ.

"ತಗಂಡ್ ಹೋಗಿ ಸಾರ್. ಇಲ್ಲಾಂದ್ರೆ ಕಡ್ಲೆಕಾಯಿ ಪೊಟ್ಣ ಆಗುತ್ತೆ. ಓದೋರ ಕೈಗೆ ಹೋಗ್ಲಿ. ನಿಮಗೆ ತಿಳಿದಷ್ಟು ಕೊಡಿ."

ನನಗೆ ತಿಳಿದಷ್ಟು! ನನಗೆ ಎಷ್ಟು ತಿಳಿದಿತ್ತು ಅಂತ ಅವರಿಗೆ ಗೊತ್ತಿದ್ದರೆ! ನಾನು ರೂ. 100 ಕೊಟ್ಟೆ. ಅವರು ಜಾಸ್ತಿಯಾಯ್ತು ಅಂತ ರೂ. 30 ವಾಪಸ್ ಕೊಟ್ಟರು. ನಾನು ಇಸಕೊಂಡೆ.

*

ಇಲ್ಲಿ ಮೊದಲ ಪ್ರಶ್ನೆ. ಕೊಡೋರಿಗಿಂತ ಕೊಳ್ಳೋರಿಗೆ ಜಾಸ್ತಿ ಗೊತ್ತಿದ್ದರೆ ಹೇಳಬೇಕಾ?

ಸಂಗ್ರಹಕಾರರ ಕಡೆ ವಾದ ಇಲ್ಲದೇ ಇಲ್ಲ. ಆ ವಿದ್ಯೆ ಪುಕ್ಕಟೆ ಬಂದದ್ದಲ್ಲ. ಎಷ್ಟು ಮಧ್ಯಾಹ್ನ, ಎಷ್ಟು ಧೂಳು, ಎಷ್ಟು ರೈಲು ಚಾರ್ಜು. ನಾನು ಒಯ್ಯದಿದ್ದರೆ ಅದು ನಿಜವಾಗಲೂ ಪೊಟ್ಟಣ ಆಗ್ತಿತ್ತು. ಇವತ್ತು ಕನ್ನಡದ ಹಳೇ ಚಿತ್ರಕತೆ ಅಂತ ಏನಾದರೂ ಉಳಿದಿದ್ದರೆ ಅದು ನನ್ನಂಥ ಹುಚ್ಚರ ಮನೆಯಲ್ಲಿ. ನಮ್ಮ ಪುಸ್ತಕಗಳ ಮೊದಲ ಪುಟದಲ್ಲಿ 'ಪ್ರತಿಗಳು: 1000' ಅಂತ ಪ್ರಾಮಾಣಿಕವಾಗಿ ಅಚ್ಚು ಹಾಕ್ತಾರೆ, ಆ ಸಾವಿರದಲ್ಲಿ ಐವತ್ತು ವರ್ಷದ ಮೇಲೆ ಎಷ್ಟು ಉಳಿದವು ಅಂತ ಲೆಕ್ಕ ಇಡೋರು ಯಾರು? ಉಳಿಸೋದು ಒಂದು ಸೇವೆ. ಇದು ನಾನು ಹತ್ತಾರು ವರ್ಷ ನನಗೇ ಹೇಳಿಕೊಂಡ ಮಾತು. ಸುಳ್ಳಲ್ಲ ಕೂಡ.

ಆದರೆ ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿ ಅಂತ ಒಬ್ಬ ತಪಸ್ವಿ ಬರ್ತಾನೆ. ಕಾಡಿನಲ್ಲಿ ಕಂಬದ ಹಾಗೆ ನಿಂತಿದ್ದ ಅವನ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿದವು, ಮೊಟ್ಟೆ ಇಟ್ಟವು. ಪಾಪ, ಅಲ್ಲಾಡಿದರೆ ಒಡೆದಾವು ಅಂತ ಅವನು ಅಲ್ಲಾಡಲಿಲ್ಲ. ಮರಿ ಹಾರಿಹೋಗೋವರೆಗೂ ನಿಂತ. ಆಮೇಲೆ ಭುಜ ತಟ್ಟಿಕೊಂಡ: ನನಗೆ ಧರ್ಮ ಸಿದ್ಧಿಸಿತು! ಆಗ ಆಕಾಶದಿಂದ ಮಾತು ಕೇಳಿಸುತ್ತೆ, ಕಾಶಿಯಲ್ಲಿ ತುಲಾಧಾರ ಅಂತ ಒಬ್ಬ ವ್ಯಾಪಾರಿ ಇದ್ದಾನೆ, ಧರ್ಮದಲ್ಲಿ ನೀನು ಅವನಿಗೆ ಸಮ ಅಲ್ಲ. ಹೋಗಿ ನೋಡಿದರೆ ಅವನು ಅಂಗಡಿಯಲ್ಲಿ ಕೂತು ಸಾಮಾನು ತೂಗ್ತಾ ಇದ್ದಾನೆ. ಅವನ ಹೆಚ್ಚುಗಾರಿಕೆ ಇಷ್ಟೇ: ಅವನ ತಕ್ಕಡಿ ಎಲ್ಲರಿಗೂ ಒಂದೇ.

ಜಾಜಲಿ ಹಕ್ಕಿಗಳನ್ನ ಉಳಿಸಿದ್ದು ನಿಜ. ಕತೆ ಅದನ್ನ ಅಲ್ಲಗಳೆಯೋದಿಲ್ಲ. ಅದು ಕೇಳೋದು ಭುಜ ತಟ್ಟಿಕೊಂಡದ್ದನ್ನ. ನಾನೂ ಉಳಿಸಿದೆ, ಸರಿ. ಆದರೆ ಸೈಕಲ್ ಶಾಪಿನ ಮುಂದೆ ಕೂತಾಗ ಇಬ್ಬರ ಕೈಯಲ್ಲಿ ಎರಡು ತಕ್ಕಡಿ ಇತ್ತು. ಅವರದು ರೂ. 30 ವಾಪಸ್ ಕೊಟ್ಟಿತು. ನನ್ನದು ಸುಮ್ಮನೆ ಇತ್ತು.

ಆದರೂ ಇದನ್ನ ನಾನು ಅರಗಿಸಿಕೊಂಡಿದ್ದೆ ಅನ್ನಿ. ವ್ಯಾಪಾರ ಅಂದರೆ ಹೀಗೇ, ಅಂತ. ಅರಗದೇ ಉಳಿದದ್ದು ಮುಂದಿನದು.

2003ರಲ್ಲಿ ನಾನು ತರೀಕೆರೆಯಲ್ಲಿದ್ದೆ. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ನಮಸ್ಕಾರ ಸಾರ್" ಅಂದರು. ನೋಡಿದರೆ ಅವರೇ. ಬಹಳ ಇಳಿದುಹೋಗಿದ್ದರು. ಜೊತೆಗೆ ಎಂಟು ವರ್ಷದ ಮೊಮ್ಮಗ, ಆಸ್ಪತ್ರೆಗೆ ತೋರಿಸೋದಕ್ಕೆ ಕರಕೊಂಡು ಬಂದಿದ್ದರು. ಹುಡುಗನ ಕಾಲಿಗೆ ಪಟ್ಟಿ ಹಾಕಿತ್ತು. ಕಾಫಿ ಕುಡಿದೆವು. ಹೊರಡೋ ಹೊತ್ತಿಗೆ ಸಂಕೋಚದಿಂದ ಕೇಳಿದರು.

"ಸಾರ್, ಆ ನಮ್ಮ ಪುಸ್ತಕ ಇದಾವಾ ಇನ್ನೂ? ಇವ್ನು ಎರಡು ತಿಂಗಳು ಓಡಾಡಂಗಿಲ್ಲ. ಕನ್ನಡ ಓದು ಅಂದ್ರೆ ಓದಲ್ಲ. ಚಿತ್ರ ಇದ್ರೆ ಓದ್ತಾನೇನೋ. ಒಂದೆರಡು ಕೊಟ್ರೆ ಓದ್ಸಿ ವಾಪಸ್ ತಂದ್ಕೊಡ್ತೀನಿ."

ಹುಡುಗ ನನ್ನ ಮುಖ ನೋಡ್ತಾ ಇದ್ದ. ನನ್ನ ಕಣ್ಣ ಮುಂದೆ ಬಂದದ್ದು ಆ ಹುಡುಗನಲ್ಲ. ಬಿಸ್ಕತ್ತಿನ ಪುಡಿ ಮೆತ್ತಿದ ಅವನ ಬೆರಳು, ಮತ್ತು ನನ್ನ ಪ್ಲಾಸ್ಟಿಕ್ ಕವರು.

"ಇಲ್ಲ ಯಜಮಾನರೇ, ಎಲ್ಲಾ ಗೆದ್ದಲು ತಿಂದುಬಿಡ್ತು" ಅಂದೆ.

ಅವರು ಒಂದು ಕ್ಷಣ ಸುಮ್ಮನಿದ್ದು ನಕ್ಕರು. "ಹೋಗ್ಲಿ ಬಿಡಿ ಸಾರ್. ಅದಕ್ಕೂ ಪಾಪ ಓದೋ ಆಸೆ."

ಬಸ್ಸು ಬಂತು. ಹುಡುಗನನ್ನ ಎತ್ತಿಕೊಂಡು ಹತ್ತಿದರು. ಆಮೇಲೆ ನಾನು ಅವರನ್ನ ನೋಡಲಿಲ್ಲ.

*

ಯಾಕೆ ಸುಳ್ಳು ಹೇಳಿದೆ? ಆ ಒಂದು ಅಪರೂಪದ ಪ್ರತಿ ಕೊಡೋದು ಬೇಡ, ಬಿಡಿ. ಉಳಿದ ಅರವತ್ತರಲ್ಲಿ ಎರಡು ಹರಿದ ಇಂದ್ರಜಾಲ ಕೊಡಬಹುದಿತ್ತು. 'ಇದಾವೆ, ಆದರೆ ಕೊಡೋದಕ್ಕೆ ಮನಸ್ಸಿಲ್ಲ' ಅಂತ ನಿಜ ಹೇಳಬಹುದಿತ್ತು. ಅದೂ ಆಗಲಿಲ್ಲ. ಯಾಕೆಂದರೆ 'ಇದಾವೆ' ಅಂದ ಕೂಡಲೇ ಅವರ ಮಾತು ಎದುರಿಗೆ ಬರುತ್ತಿತ್ತು: ಓದೋರ ಕೈಗೆ ಹೋಗ್ಲಿ. ಅವರು ಪುಸ್ತಕ ಕೊಟ್ಟದ್ದು ರೂ. 70ಕ್ಕಲ್ಲ, ಆ ಷರತ್ತಿಗೆ. ಆ ಷರತ್ತನ್ನ ನಾನು ಒಂಬತ್ತು ವರ್ಷದಿಂದ ಮುರೀತಾ ಬಂದಿದ್ದೆ. ಗೆದ್ದಲು ಬಂದದ್ದು ನಿಜವೇ. ಬೀರುವಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಗಿಸಿಕೊಂಡು ಓಡಾಡ್ತಾ ಇತ್ತು ಅಷ್ಟೆ.

ಈಗ ನನಗೆ ಅನಿಸೋದು ಇದು. ಉಳಿಸಿದವನಿಗೆ ಉಳಿಸಿದ ವಸ್ತುವಿನ ಮೇಲೆ ಹಕ್ಕು ಬರೋದಿಲ್ಲ ಅಂತಲ್ಲ. ಬರುತ್ತೆ. ಕಾಯೋ ಹಕ್ಕು ಬರುತ್ತೆ. ಹುಷಾರಾಗಿ ಮುಟ್ಟು, ಇಲ್ಲೇ ಕೂತು ಓದು, ಅಂತ ಹೇಳೋ ಹಕ್ಕು ಬರುತ್ತೆ. ಆದರೆ ಅದು ಇರೋದೇ ಇಲ್ಲ ಅನ್ನೋ ಹಕ್ಕು ಬರೋದಿಲ್ಲ. ಸಂಗ್ರಹಕಾರನಿಗೂ ಪೊಟ್ಟಣ ಕಟ್ಟೋನಿಗೂ ಇರೋ ವ್ಯತ್ಯಾಸ ಅಷ್ಟೇ ಅಲ್ಲವಾ? ಪೊಟ್ಟಣ ಕಟ್ಟೋನು ಇರೋದನ್ನ ಇಲ್ಲವಾಗಿಸ್ತಾನೆ. 'ಗೆದ್ದಲು ತಿಂತು' ಅಂದ ಆ ಗಳಿಗೆಯಲ್ಲಿ ನಾನೂ ಅದನ್ನೇ ಮಾಡಿದೆ. ಆ ಹುಡುಗನ ಮಟ್ಟಿಗೆ ಅವು ಕಡಲೆಕಾಯಿ ಪೊಟ್ಟಣವೇ ಆದವು.

ಅಜ್ಜಂಪುರದಲ್ಲಿ ಕೆಲಸ ಮಾಡುವಾಗ ಅಲ್ಲಿನ ಅಮೃತ್ ಮಹಲ್ ತಳಿ ಕೇಂದ್ರ ನೋಡಿದ್ದೆ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದದ್ದು, ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಅಂತಾಯ್ತು. ನೀಳ ಕೊಂಬಿನ, ಬೂದು ಬಣ್ಣದ ಆ ದನಗಳ ತಳಿ ಕೆಡದ ಹಾಗೆ ಕಾಯೋದೇ ಅಲ್ಲಿನ ಕೆಲಸ. ಆದರೆ ಹುಟ್ಟಿದ್ದನ್ನೆಲ್ಲ ಅವರು ಕಾವಲಿನೊಳಗೇ ಇಟ್ಟುಕೊಳ್ಳೋದಿಲ್ಲ. ಹೋರಿಕರುಗಳನ್ನ ಹರಾಜು ಹಾಕ್ತಾರೆ, ದೂರದೂರದಿಂದ ರೈತರು ಬಂದು ಕೊಂಡು ಹೋಗ್ತಾರೆ. ನೇಗಿಲಿಗೆ, ಗಾಡಿಗೆ, ಪೈಪೋಟಿಗೆ. ದುಡಿಯೋದು ನಿಂತರೆ ತಳಿ ಉಳಿದೂ ಏನು ಪ್ರಯೋಜನ ಅಂತ ದನ ಸಾಕೋರಿಗೆ ಗೊತ್ತು. ಪುಸ್ತಕ ಸಾಕೋ ನಮಗೆ ಅದು ತಿಳಿಯೋದು ತಡ.

ಪುಸ್ತಕ ಸವೆಯುತ್ತಲ್ಲ ಅಂತ ನೀವು ಕೇಳಬಹುದು. ಹೌದು, ಸವೆಯುತ್ತೆ. ಕೊಟ್ಟರೆ ಒಂದಲ್ಲ ಒಂದು ದಿನ ಹರಿಯುತ್ತೆ. ಎಲ್ಲರಿಗೂ ಕೊಟ್ಟರೆ ನಾಳೆ ಯಾರಿಗೂ ಇರೋದಿಲ್ಲ, ಯಾರಿಗೂ ಕೊಡದಿದ್ದರೆ ಇವತ್ತು ಯಾರಿಗೂ ಇಲ್ಲ. ಇವೆರಡರ ನಡುವೆ ಎಲ್ಲಿ ಗೆರೆ ಎಳೀಬೇಕು ಅಂತ ನನಗೂ ಸರಿಯಾಗಿ ತಿಳಿದಿಲ್ಲ. ಆದರೆ ಗೆರೆ ಎಳೆಯೋದಕ್ಕೆ ಮುಂಚೆ ಎದುರಿಗೆ ನಿಂತವರು ಯಾರು ಅಂತ ನೋಡಬೇಕು. ತರೀಕೆರೆಯಲ್ಲಿ ನಾನು ನೋಡಲಿಲ್ಲ.

*

ದೀಪಾವಳಿಯ ಮಾರನೇ ದಿನ ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದೆ. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅವರ ಅಂಗಡಿ ಇನ್ನೂ ಇದೆಯಾ ಮಾಮ?" ಅಂದ. "ಹೋಗಣ ನಡೀರಿ, ಗಾಡಿ ತೆಗೀತೀನಿ."

ಹೋದೆವು. ಸೈಕಲ್ ಶಾಪಿನ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಒಳಗೆ ಸುಮಾರು ಮೂವತ್ತರ ಒಬ್ಬ ಯುವಕ ಭೂತಗನ್ನಡಿ ಹಿಡಿದು ಏನೋ ಬೆಸೆಯುತ್ತಿದ್ದ. ಯಜಮಾನರ ಬಗ್ಗೆ ಕೇಳಿದೆ. "ನಮ್ಮ ತಾತ ಸಾರ್. ಹೋಗಿ ಹದಿಮೂರು ವರ್ಷ ಆಯ್ತು." ಅವನು ಎದ್ದು ನಿಂತಾಗ ಕಾಲಿನ ಕಡೆ ನೋಡಿದೆ. ಸರಿಯಾಗಿಯೇ ನಡೀತಿದ್ದ.

ಬಸ್ ಸ್ಟ್ಯಾಂಡು, ಕಾಫಿ, ಗೆದ್ದಲು, ಎಲ್ಲಾ ಹೇಳಿದೆ. ಅವನಿಗೆ ಏನೂ ನೆನಪಿರಲಿಲ್ಲ. ಕಾಲು ಮುರಿದದ್ದು ನೆನಪಿದೆ, ನಾನು ನೆನಪಿಲ್ಲ. ಇಪ್ಪತ್ತು ವರ್ಷ ನಾನು ಹೊತ್ತ ಮುಖ ನನ್ನನ್ನ ಹೊತ್ತೇ ಇರಲಿಲ್ಲ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಯಾಕೆಂದರೆ ಸುಳ್ಳು ಹೇಳಿದ್ದು ಅವನಿಗಲ್ಲ, ಅವನ ತಾತನಿಗೆ. ಆ ಲೆಕ್ಕ ಇನ್ನು ಮುಟ್ಟೋದಿಲ್ಲ.

ಚೀಲದಿಂದ ಪುಸ್ತಕ ತೆಗೆದು ಅವನ ಮುಂದೆ ಇಟ್ಟೆ, ಆ ಅಪರೂಪದ್ದೂ ಸೇರಿಸಿ. ಅವನು ಕತೆಯ ಕಡೆ ನೋಡಲಿಲ್ಲ. ರಕ್ಷಾಪುಟ ತೆರೆದು ಒಳಗಿನ ಕೆಂಪು ಶಾಯಿ ನೋಡಿದ. ನಂಬರು, ಹೆಸರುಗಳ ಸಾಲು, ಗೀಟು. "ಇದು ತಾತನ ಕೈಬರಹ" ಅಂದ. ಒಂದೊಂದೇ ಹೆಸರು ಓದ್ತಾ ಹೋದ. "ಇವ್ರು ಈಗ ಅಡಿಕೆ ಮಂಡಿಯಲ್ಲಿದಾರೆ. ಇವ್ರು ನಮ್ಮ ಮೇಷ್ಟ್ರು, ರಿಟೈರ್ ಆದ್ರು. ಇವ್ರು ತೀರಿಕೊಂಡ್ರು." ಒಂದು ಹೆಸರಿನ ಮುಂದೆ ಗೀಟು ಇರಲಿಲ್ಲ. ನಕ್ಕ: "ಇದು ನಮ್ಮಪ್ಪ. ವಾಪಸ್ ಕೊಟ್ಟಿಲ್ಲ ಅಂತ ಬರ್ದವ್ರೆ!"

ನನ್ನ ಅಕ್ಕನ ಮಗ ಬಗ್ಗಿ ನೋಡ್ತಿದ್ದ. ಸಂಗ್ರಹಕಾರರ ಭಾಷೆಯಲ್ಲಿ ಒಳಗೆ ಹೆಸರು ಬರೆದಿದ್ದರೆ ಅದು ದೋಷ. ಬೆಲೆ ಅರ್ಧಕ್ಕೆ ಇಳಿಯುತ್ತೆ. ಆ ಅಂಗಡಿಯಲ್ಲಿ ನಿಂತು ಇಬ್ಬರಿಗೂ ಆ ಲೆಕ್ಕ ಬಾಯಿಗೆ ಬರಲಿಲ್ಲ.

"ತಗೊಳ್ಳಪ್ಪ, ಇವು ನಿಮ್ಮವು" ಅಂದೆ. ಅವನು ಫೋನಿನಲ್ಲಿ ಕೆಂಪು ಶಾಯಿಯ ಪುಟಗಳ ಫೋಟೋ ತೆಗೆದುಕೊಂಡು ಪುಸ್ತಕಗಳನ್ನ ವಾಪಸ್ ಜೋಡಿಸಿದ.

"ನೀವೇ ಇಟ್ಕೊಳ್ಳಿ ಸಾರ್. ಇಲ್ಲಿ ಹಾಳಾಗುತ್ತೆ. ನಿಜವಾದ ಗೆದ್ದಲು ಇದೆ ನಮ್ಮನೇಲಿ."

ವ್ಯಂಗ್ಯ ಇರಲಿಲ್ಲ ಅವನ ಮಾತಲ್ಲಿ. ತಾತನ ಹಾಗೇ ನಕ್ಕ, ಅಷ್ಟೆ. ಬೇಡಬೇಡ ಅಂದರೂ ಕೇಳದೆ ಆ ಅಪ್ಪನ ಹೆಸರಿದ್ದ ಒಂದನ್ನ ಮಾತ್ರ ಅಲ್ಲೇ ಬಿಟ್ಟು ಬಂದೆ. ಉಳಿದವು ಕಡೂರಿಗೆ ವಾಪಸ್ ಬಂದವು. ಕೊಟ್ಟು ಹಗುರಾಗೋಣ ಅಂತ ಹೋದವನಿಗೆ ಹಗುರಾಗೋ ಭಾಗ್ಯ ಸಿಗಲಿಲ್ಲ. ಕಾಯೋ ಕೆಲಸ ಮತ್ತೆ ಕೊರಳಿಗೆ ಬಿತ್ತು, ಈ ಸಲ ನನಗೆ ಗೊತ್ತಿದ್ದೂ.

ಈಗ ಬೀರುವಿನ ಕೀಲಿ ಬೀರುವಿನಲ್ಲೇ ಇರುತ್ತೆ. ಒಂದು ನೋಟ್‌ಬುಕ್ ತಂದಿಟ್ಟಿದ್ದೇನೆ, ಕೆಂಪು ಪೆನ್ನೂ ಇದೆ. ಪಕ್ಕದ ಬೀದಿಯ ಮಕ್ಕಳು ನಾಲ್ಕೈದು ಜನ ಭಾನುವಾರ ಬರ್ತಾರೆ. ಹರಿದ ವೇತಾಳಗಳನ್ನ ಮನೆಗೂ ಒಯ್ಯಬಹುದು, ಆ ಒಂದನ್ನ ಮಾತ್ರ ಇಲ್ಲೇ ಕೂತು ಓದಬೇಕು. ಇದು ಸರಿಯಾದ ಗೆರೆಯೋ ಅಲ್ಲವೋ, ಸದ್ಯಕ್ಕೆ ಇದು. ಅಕ್ಕನ ಮಗ ಬೆಂಗಳೂರಿಗೆ ಹೊರಡುವಾಗ ತನ್ನ ಜಪಾನಿ ಪುಸ್ತಕವನ್ನ ಅಜ್ಜಿಯ ಕೈಗೆ ಕೊಟ್ಟು, ಬಲದಿಂದ ಎಡಕ್ಕೆ ಪುಟ ಹೇಗೆ ತಿರುಗಿಸಬೇಕು ಅಂತ ತೋರಿಸಿದ. ಅಮ್ಮ ಒಂದು ಅಕ್ಷರ ಬರದಿದ್ದರೂ ಚಿತ್ರ ನೋಡ್ತಾ ಎರಡು ಸಲ ನಕ್ಕರು. ನಾಲ್ಕನೇ ಪುಟದಲ್ಲಿ ಒಂದು ಬೆರಳಿನ ಗುರುತು ಬಿತ್ತು. ಅವನು ಅದನ್ನ ನೋಡಿದ, ನನ್ನ ಮುಖ ನೋಡಿದ, ಏನೂ ಅನ್ನಲಿಲ್ಲ. ಎಷ್ಟು ಕಷ್ಟ ಆಗಿರಬೇಕು ಅಂತ ನನಗೊಬ್ಬನಿಗೇ ಗೊತ್ತು.

ನಾನಂತೂ ಇನ್ನೂ ಸುಧಾರಿಸಿಲ್ಲ. ಮಕ್ಕಳು ಬಾಗಿಲಿಗೆ ಬಂದ ಕೂಡಲೇ ನನ್ನ ಬಾಯಿಂದ ಬರೋ ಮೊದಲ ಮಾತು ಈಗಲೂ ಒಂದೇ: "ಕೈ ತೊಳ್ಕೊಂಡ್ರೇನ್ರೋ?"